ಬೆಂಗಳೂರಿನಲ್ಲಿ ಮುತ್ತವ್ವ ಉಂಡ ಹೋಟೆಲುಗಳು

ಗಂಜಿಯನ್ನು ಎರಡನೇ ಸಲ ಬಟ್ಟೆಯಲ್ಲಿ ಸೋಸುತ್ತಿದ್ದೆ. ಒಂದು ನುಚ್ಚು ಉಳಿದರೂ ಮುತ್ತವ್ವನ ಮೂಗಿನ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ದವಾಖಾನೆಗೆ ಓಡಬೇಕು. ಮುತ್ತವ್ವ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ರಾಣೆಬೆನ್ನೂರಿನಲ್ಲಿ ಇಪ್ಪತ್ತೆಂಟು ವರ್ಷ ಖಾನಾವಳಿ ನಡೆಸಿದಾಕೆ. ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಬಿಟ್ಟು ಆಕೆಯ ಆರೈಕೆಗೆ ಬಂದು ಏಳು ತಿಂಗಳಾಯಿತು. ಆಕೆಗೆ ಈಗ ನಾಲಿಗೆ ಇಲ್ಲ.

ಒಳಗಿನಿಂದ ತಾಟು ಬಡಿದ ಸಪ್ಪಳ ಬಂತು. ಹೋದೆ. ಎಡಗೈಯ ಮೇಲೆ ಬೆರಳಿನಿಂದ ಗೀಚಿ ತೋರಿಸಿದಳು. ಪತ್ರ ಎಲ್ಲಿ ಅಂತ ಕೇಳುತ್ತಿದ್ದಳು. ಏಳು ತಿಂಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಹಿಂದಿನ ದಿನ ಡಾಕ್ಟರು, ಕುತ್ತಿಗೆಯಲ್ಲಿ ಮತ್ತೆ ಗಂಟು ಬಂದಿದೆ, ಇನ್ನು ಮಾಡುವಂಥದ್ದು ಏನೂ ಇಲ್ಲ ಅಂದಿದ್ದರು. ಈ ಸಲ ಆಕೆಯ ಎದುರಿಗೇ ಅಂದಿದ್ದರು.

ಆ ಪತ್ರ ಬರೆದದ್ದು ಬೆಂಗಳೂರಿನಲ್ಲಿ. ನಾಲಿಗೆಯ ಗಂಟಿನ ಆಪರೇಶನ್ನಿಗೆ ಎಂಟು ದಿನ ಮುಂಚೆಯೇ ತಪಾಸಣೆಗೆ ಬರಹೇಳಿದ್ದರು. ಮುತ್ತವ್ವ, ಆಕೆಯ ಮಗ ಮೈಲೇಶ, ನಾನು ಒಂದು ಲಾಡ್ಜು ಹಿಡಿದೆವು. ಮೊದಲ ದಿನವೇ ಡಾಕ್ಟರು ಮೈಲೇಶನನ್ನೂ ನನ್ನನ್ನೂ ಕರೆದು, ಪೂರ್ತಿ ನಾಲಿಗೆ ತೆಗೆಯಬೇಕು, ಮಾತೂ ಹೋಗುತ್ತದೆ, ರುಚಿಯೂ ಹೋಗುತ್ತದೆ, ಅವರಿಗೆ ತಿಳಿಸಿ ಅಂದರು. ಹೊರಗೆ ಬಂದ ಮೈಲೇಶ ನನ್ನ ಕೈ ಹಿಡಿದ.

"ದೊಡ್ಡವ್ವ, ಅವ್ವಗ ಹೇಳಬ್ಯಾಡ. ಹೇಳಿದ್ರ ಇವತ್ತ ಬಸ್ ಹತ್ತತಾಳ. ಜೀವಾ ಉಳೀಲಿ, ಮುಂದಿಂದ ಮುಂದ."

ರೋಗಿಗೆ ರೋಗ ಹೇಳುವ ರೂಢಿ ನಮ್ಮ ಕಡೆ ಇಲ್ಲ. ಮನೆಯವರು ಹೊತ್ತುಕೊಳ್ಳುತ್ತೇವೆ. ನಾನೂ ಹೂಂ ಅಂದೆ. ಗಂಟು ತೆಗೀತಾರಂತ ಅಂತ ಮುತ್ತವ್ವನಿಗೆ ಹೇಳಿದೆವು.

"ಹಂಗಾರ ಎಂಟು ದಿನ ಗ್ವಾಡಿ ನೋಡ್ಕೊಂತ ಕುಂದ್ರೂದೇನು? ನಡಿ ಯಕ್ಕಾ, ಈ ಊರಿನ ಮಂದಿ ಏನ್ ಉಣ್ತಾರ ನೋಡೂಣು. ಎರಡು ಹೊಸಾ ಅಡಗಿ ಕಲ್ತು ಹೋದ್ರ ಖಾನಾವಳಿಗಾತು."

ನಾಲಿಗೆ ದಪ್ಪಾಗಿ ಮಾತು ತೊದಲುತ್ತಿತ್ತು, ಹುರುಪು ಮಾತ್ರ ಹಂಗೇ ಇತ್ತು. ಮೈಲೇಶ ಫೋನಿನಲ್ಲಿ ಹೋಟೆಲುಗಳ ಹೆಸರು, ಅವುಗಳ ಮುಂದಿನ ಚುಕ್ಕಿ ತೋರಿಸಿದ.

"ಚುಕ್ಕಿ ನೋಡಿ ಉಣ್ಣಾಕ ನಾವೇನು ಜ್ಯೋತಿಷ್ಯ ಹೇಳವರೇನು?" ಅಂದಳು.

ಆಕೆ ಹೋಟೆಲು ಹುಡುಕುವ ರೀತಿಯೇ ಬೇರೆ. ಬೋರ್ಡು ನೋಡುತ್ತಿರಲಿಲ್ಲ. ಹಿಂದಿನ ಸಂದಿಗೆ ಹೋಗಿ, ತೊಳೆಯಲು ಬಂದ ಎಂಜಲು ತಾಟು ನೋಡುತ್ತಿದ್ದಳು. ಅನ್ನ ಉಳಿದಿದ್ದರೆ ಸಾರು ಸುಮಾರು, ಪಲ್ಯ ಉಳಿದಿದ್ದರೆ ನಿನ್ನೆಯದು, ಬೆರಳು ಎಳೆದ ಗುರುತು ಇದ್ದರೆ ಒಳಗೆ ನಡಿ. ಒಬ್ಬ ಮಾಲೀಕ, "ಏನಮ್ಮಾ ಇಲ್ಲಿ ನೋಡ್ತಿದ್ದೀರ?" ಅಂತ ಗದರಿಸಿದ.

"ನಿಮ್ಮ ಸಾಂಬಾರ ಹೆಂಗೈತಿ ಅಂತ ತಾಟನ್ನ ಕೇಳಾಕತ್ತೇನ್ರಿ."

ಆತ ನಕ್ಕು ನಮ್ಮನ್ನು ಕರೆದು ಕೂಡ್ರಿಸಿದ. ಹಿಂಗೆ ಐದು ದಿನದಲ್ಲಿ ಒಂದು ಆಂಧ್ರದ ಮೆಸ್ಸು, ನೀರುದೋಸೆಯ ಒಂದು ಹೋಟೆಲು, ನಿಂತುಕೊಂಡೇ ತಿನ್ನುವ ಮೂರು ಇಡ್ಲಿ ಅಂಗಡಿ ಆದವು. ಜಗಿಯಲು ಆಗುತ್ತಿರಲಿಲ್ಲ. ಬೆರಳ ತುದಿಯಷ್ಟು ತೆಗೆದು, ಬಾಯಿಯ ಒಳ್ಳೆಯ ಮಗ್ಗಲಿಗೆ ಇಟ್ಟು ಕಣ್ಣು ಮುಚ್ಚುತ್ತಿದ್ದಳು. ಖಾರದ ಉರಿಗೆ ಕಣ್ಣಿಂದ ನೀರು ಇಳಿಯುತ್ತಿತ್ತು. "ಕೊಬ್ಬರಿ ಹುರದು ಹಾಕ್ಯಾರ. ನೆನಪಿಡಬೇ." ನಾನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಯಾವ ನಾಲಿಗೆಗೆ ಬರೆಯುತ್ತಿದ್ದೇನೆ ಅಂತ ಗೊತ್ತಿದ್ದೂ ಬರೆಯುತ್ತಿದ್ದೆ. ಹೇಳಿಬಿಡಬೇಕು ಅನ್ನಿಸಿದಾಗ ಮಜ್ಜಿಗೆ ಲೋಟ ಆಕೆಯ ಮುಂದೆ ಸರಿಸುತ್ತಿದ್ದೆ.

ಆರನೇ ದಿನ ಒಂದು ಓಣಿಯಲ್ಲಿ, ಹೆಂಗಸೊಬ್ಬಳು ಮನೆಯ ಮುಂದಿನ ಖೋಲಿಯಲ್ಲೇ ನಡೆಸುವ ಮೆಸ್ಸು ಸಿಕ್ಕಿತು. ಹುರುಳಿ ಕಟ್ಟಿನ ಸಾರು ಬಡಿಸಿದಳು. ಮುತ್ತವ್ವ ಬೆರಳು ಅದ್ದಿ ಬಾಯಿಗೆ ಇಟ್ಟಾಕೆ ಕಣ್ಣು ತೆರೆಯಲೇ ಇಲ್ಲ.

"ಯಕ್ಕಾ, ಇದು ನಿರ್ಮಲಾನ ಸಾರು."

ನಿರ್ಮಲಾ ಆಕೆಯ ತಂಗಿ. ಹನ್ನೆರಡು ವರ್ಷ ಖಾನಾವಳಿಯಲ್ಲಿ ಒಲೆ ಮುಂದೆ ನಿಂತಾಕೆ. ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ಪಂಗ್ತಿಯಲ್ಲಿ ಮಂದಿ ಕೂತಿದ್ದಾಗಲೇ, ಮುತ್ತವ್ವ ತಂಗಿಯ ಸಾರಿನ ಪಾತ್ರೆ ಎತ್ತಿ ಗಟಾರಕ್ಕೆ ಚೆಲ್ಲಿದ್ದಳು. ನಿನ್ನ ಕೈಯಾಗ ರುಚಿ ಇಲ್ಲ ಅಂದಿದ್ದಳು. ಅವತ್ತೇ ನಿರ್ಮಲಾ ಹಾವೇರಿಗೆ ಹೋದಳು. ಆಮೇಲೆ ನಮ್ಮ ಯಾರ ಫೋನೂ ಎತ್ತಲಿಲ್ಲ. ಮೈಲೇಶ ಹೋದರೆ ಬಾಗಿಲು ತೆಗೆಯಲಿಲ್ಲ.

"ರುಚಿ ಇಲ್ಲಂತ ಚೆಲ್ಲಿದ್ದೆನೇನಬೇ? ಮಂದಿ ಆಕಿ ಸಾರ ಬೇಕು ಅನ್ನಾಕತ್ತಿದ್ರು. ನನ್ನ ಹೊಟ್ಟಿ ಉರೀತು. ಬರಿ, ಇದನ್ನ ಬರಿ."

ಅಲ್ಲೇ ಬರೆದೆ. ತಂಗಿ, ನಿನ್ನ ಸಾರು ನನ್ನದಕ್ಕಿಂತ ಚಲೋ ಇತ್ತು, ಅದಕ್ಕೇ ಚೆಲ್ಲಿದೆ. ಖಾನಾವಳಿ ನಿನ್ನದೇ ಅಂತ ತಿಳಿದು ಬಾ. ಇಷ್ಟೇ. ಬರೆದು ಮಡಚಿದೆ. ಅಷ್ಟರಲ್ಲಿ ಆಕೆಯ ಮನಸ್ಸು ತಿರುಗಿತು.

"ಬ್ಯಾಡ, ಹಾಕಬ್ಯಾಡ. ಕಾಗದದಾಗ ಹೇಳಿದ್ರ ಅಕ್ಕಗ ಇನ್ನೂ ಸೊಕ್ಕು ಅಂತಾಳ. ಗಂಟು ತಗಸಿ ಮಾತು ಚೊಕ್ಕಾಗ್ಲಿ. ಹಾವೇರಿಗೆ ಹೋಗಿ ಬಾಗಲದಾಗ ನಿಂತು ಬಾಯಾರೆ ಹೇಳ್ತೇನಿ. ದನಿ ಕೇಳಿದ್ರ ತಗದಾಳು."

ಆಗ ನಾನು ಹೇಳಬೇಕಿತ್ತು. "ಆತು ತಗೋ" ಅಂದೆ. ಪತ್ರ ಚೀಲಕ್ಕೆ ಹಾಕಿಕೊಂಡೆ.

ಆಪರೇಶನ್ನಿನ ಹಿಂದಿನ ದಿನ ನರ್ಸು ಒಪ್ಪಿಗೆಯ ಕಾಗದ ಕೊಟ್ಟಳು. ಕನ್ನಡದಲ್ಲಿತ್ತು. ಮೈಲೇಶ ಔಷಧ ತರಲು ಹೋಗಿದ್ದ.

"ಓದಬೇ, ರಾತ್ರಿ ಸಾಲಿ ಪಂಡಿತಿ," ಅಂದಳು ಮುತ್ತವ್ವ ನಗುತ್ತ.

ನಾನು ಓದಿದೆ. ಹೆಸರು, ವಯಸ್ಸು, ಊರು. ನಡುವೆ, ನಾಲಿಗೆಯನ್ನು ಪೂರ್ಣವಾಗಿ ತೆಗೆಯಲಾಗುವುದು ಅಂತ ಒಂದು ಸಾಲಿತ್ತು. ಅದರ ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿದೆ. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಾಕೆ ನಾನು. ಬಿಟ್ಟು ಓದುವುದನ್ನು ಅವತ್ತು ಕಲಿತೆ. ಮುತ್ತವ್ವ ಹೆಬ್ಬೆಟ್ಟು ಒತ್ತಿದಳು.

ಎಚ್ಚರಾದ ಮೇಲೆ ಆಕೆ ಬಾಯಿಗೆ ಕೈ ಒಯ್ದಳು. ಮೈಲೇಶನನ್ನು ನೋಡಿದಳು, ನನ್ನನ್ನು ನೋಡಿದಳು. ನನ್ನ ಮೇಲೆ ಬಹಳ ಹೊತ್ತು ಕಣ್ಣಿಟ್ಟಳು. ಆಮೇಲೆ ಗೋಡೆಗೆ ತಿರುಗಿದಳು. ಅಂದಿನಿಂದ ನಾನು ಗಂಜಿ ಹಾಕುವಾಗಲೆಲ್ಲ ಆಕೆ ಗೋಡೆಯನ್ನೇ ನೋಡುತ್ತಾಳೆ. ಪತ್ರ ಹೊರಗೆ ತೆಗೆದರೆ ನನ್ನ ಸುಳ್ಳೂ ಹೊರಗೆ ಬರುತ್ತದೆ ಅಂತ ನಾನೂ ಅದನ್ನು ಮುಟ್ಟಿರಲಿಲ್ಲ.

ಈಗ ತೆಗೆದೆ. ಮಂಚದ ಹತ್ತಿರ ಕೂತೆ.

"ಮುತ್ತಿ, ಆ ಕಾಗದದಾಗ ನಾಲಿಗಿ ತೆಗೀತಾರಂತ ಬರದಿತ್ತು. ನನಗ ಮೊದಲ ಗೊತ್ತಿತ್ತು. ಓದಲಿಲ್ಲ."

ಆಕೆ ಅಳಲಿಲ್ಲ. ಕೈ ಎತ್ತಿ ನನ್ನ ಕೆನ್ನೆಗೆ ಹೊಡೆದಳು. ಬಲ ಇರಲಿಲ್ಲ, ಬೆರಳು ಬರೇ ತಾಗಿದವು. ಇನ್ನೊಮ್ಮೆ ಹೊಡೆದಳು. ಆಮೇಲೆ ಪತ್ರ ಕಸಿದುಕೊಂಡು, ಕೆಳಗಿನ ಖಾಲಿ ಜಾಗಕ್ಕೆ ಬೆರಳು ಕುಟ್ಟಿದಳು. ನನ್ನ ಎದೆಗೂ ಕುಟ್ಟಿದಳು.

"ನಾ ಮಾಡಿದ್ದನ್ನೂ ಬರೀಲೇನು?"

ಹೂಂ ಅನ್ನುವಂತೆ ತಲೆ ಆಡಿಸಿದಳು.

ಬರೆದೆ. ನಿಮ್ಮಕ್ಕ ಬಾಗಿಲಿಗೆ ಬಂದು ಬಾಯಾರೆ ಹೇಳುತ್ತೇನೆ ಅಂದಿದ್ದಳು. ಬಾಯಿ ಇರುವುದಿಲ್ಲ ಅಂತ ನನಗೆ ಗೊತ್ತಿತ್ತು, ಹೇಳಲಿಲ್ಲ. ಈಗ ಆಕೆಗೆ ಮಾತಿಲ್ಲ, ದಿನಗಳೂ ಬಹಳ ಇಲ್ಲ. ಆಕೆ ಬರಲಿಲ್ಲ ಅಂತ ಸಿಟ್ಟಾಗಬ್ಯಾಡ, ಆಗುವುದಿದ್ದರೆ ನನ್ನ ಮೇಲೆ ಆಗು. ಜಯವ್ವ.

ಪೂರ್ತಿ ಓದಿ ಹೇಳಿದೆ. ಆಕೆ ನನ್ನ ಮುಖ ನೋಡಲಿಲ್ಲ, ಸಾಲಿನ ಮೇಲೆ ಸರಿಯುವ ನನ್ನ ಬೆರಳು ನೋಡುತ್ತಿದ್ದಳು. ಮುಗಿದಾಗ ಬಾಗಿಲ ಕಡೆ ಕೈ ಮಾಡಿದಳು.

ಅಂಚೆ ಕಚೇರಿಯಲ್ಲಿ ನಾಲ್ಕು ಮಂದಿ ಮುಂದಿದ್ದರು. ಕೌಂಟರಿನ ಹುಡುಗಿ ವಿಳಾಸ ನೋಡಿ, "ಹಾವೇರಿಗೇನ್ರಿ ಅಜ್ಜಿ? ಬಸ್ಸಿಗೆ ಹೋದ್ರ ಒಂದು ತಾಸಿಲ್ಲ," ಅಂದಳು.

"ಇಲ್ಲವ್ವ, ಸ್ಪೀಡ್ ಪೋಸ್ಟ್ ಮಾಡು. ನಮಗ ಬಾಗಲಾ ತಗಿಯೂದಿಲ್ಲ ಅವರು."

ಆಕೆ ಲಕೋಟೆ ತೂಗಿ, ಚೀಟಿ ಅಂಟಿಸಿ, ಹಿಂದಿನ ಚೀಲದೊಳಗೆ ಹಾಕಿದಳು.