ಅಜ್ಜಿಯ ನಾಡಿ

2026ರ ಮಾರ್ಚ್ 9, ಸೋಮವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಲಾಯದ ಮೂಲೆಯ ಕೋಣೆಯಲ್ಲಿ ಹುಡುಗಿ ಮುದಿ ಹೆಣ್ಣುಕುದುರೆಯ ದವಡೆಯ ಕೆಳಗೆ ಬೆರಳೊತ್ತಿ, ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳನ್ನೇ ನೋಡುತ್ತ ನಿಂತಿದ್ದಳು. ಹತ್ತೂವರೆಗೆ ಪರೀಕ್ಷೆ. ಶಾಲೆಯ ಬಿಳಿ ಅಂಗಿಯನ್ನೇನೋ ತೊಟ್ಟು ಬಂದಿದ್ದಳು. ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿರಲಿಲ್ಲ.

ಕಳೆದ ವರ್ಷ ಇದೇ ಪರೀಕ್ಷೆಯಲ್ಲಿ ಎದೆ ಡವಡವ ಹೊಡೆದುಕೊಂಡು, ಕೈ ನಡುಗಿ, ಖಾಲಿ ಹಾಳೆ ಬಿಟ್ಟು ಎದ್ದು ಬಂದಿದ್ದಳು. ಅಲ್ಲಿಂದಾಚೆ ಶಾಲೆಯ ಹೆಸರೆತ್ತಿದರೆ ಸಾಕು, ಮುಖ ಗೋಡೆಯ ಕಡೆಗೆ. ಅಪ್ಪ ಗದರಿ ನೋಡಿದ, ಅಮ್ಮ ಅತ್ತು ನೋಡಿದಳು. ಕೊನೆಗೆ ಕುದುರೆ ಡಾಕ್ಟರಾದ ಚಿಕ್ಕಮ್ಮ, "ಒಂದಷ್ಟು ದಿನ ನನ್ ಜೊತೆ ಇರ್ಲಿ ಬಿಡಕ್ಕಾ, ಲದ್ದಿ ಎತ್ತೋಕೂ ಜನ ಬೇಕು" ಎಂದು ಕರೆತಂದಿದ್ದಳು.

ಲದ್ದಿ ಎತ್ತುವುದರಿಂದ ಮೈ ಉಜ್ಜುವವರೆಗೆ ಬರುವಷ್ಟರಲ್ಲಿ ಹುಡುಗಿಯ ಬಾಯಿ ಬಿಚ್ಚಿತ್ತು. ಲಾಯದವರೆಲ್ಲ ಅಜ್ಜಿ ಎಂದೇ ಕರೆಯುವ ಈ ಕುದುರೆಯ ಮುಂದೆ ಅವಳು ಹೇಳದ ವಿಷಯವಿರಲಿಲ್ಲ. ಅಜ್ಜಿ ಹುಲ್ಲು ಮೆಲ್ಲುತ್ತ ಕೇಳುತ್ತಿದ್ದಳು. ಬೇಸರ ಬಂದರೆ ಅವಳ ಭುಜಕ್ಕೆ ಮೂತಿ ಒರೆಸುತ್ತಿದ್ದಳು. ಮೊನ್ನೆ ಅಜ್ಜಿಗೆ ಹೊಟ್ಟೆನೋವು ಬಂದು ಹೋಗಿತ್ತು. ನಾಡಿ ನೋಡುವ ಕೆಲಸ ಇವತ್ತು ಮೊದಲ ಸಲ ಹುಡುಗಿಯ ಪಾಲಿಗೆ ಬಂದಿತ್ತು. ಎಣಿಕೆ ಏರಿದಂತೆ ಅವಳ ಮುಖ ಸಣ್ಣದಾಯಿತು.

"ಚಿಕ್ಕಮ್ಮಾ, ತೊಂಬತ್ತಾರು!"

ಚಿಕ್ಕಮ್ಮನ ಕೈಯಲ್ಲಿದ್ದ ಬಕೆಟ್ಟು ಕೆಳಗೆ ಬಿತ್ತು. ಆರೋಗ್ಯವಾಗಿರುವ ಕುದುರೆಗೆ ನಲವತ್ತರ ಆಸುಪಾಸು ಇರಬೇಕು. ತೊಂಬತ್ತಾರೆಂದರೆ ಜೀವಕ್ಕೇ ಸಂಚಕಾರ. ಓಡಿಬಂದು ಅಜ್ಜಿಯ ಮುಂಗಾಲಿನ ಹಿಂದೆ ಸ್ಟೆತಾಸ್ಕೋಪ್ ಇಟ್ಟು, ಉಸಿರು ಬಿಗಿಹಿಡಿದು ಕೇಳಿದಳು. ಅಜ್ಜಿ ಯಾರಿಗೋ ಏನೋ ಆಗಿದೆ ಎಂಬಂತೆ ಹುಲ್ಲು ಅಗಿಯುತ್ತಿದ್ದಳು.

"ಮೂವತ್ತಾರಿದೆ. ಎಲ್ಲಿ, ಹೇಗೆ ಹಿಡ್ಕೊಂಡಿದ್ದೆ ತೋರ್ಸು."

ಹುಡುಗಿ ತೋರಿಸಿದಳು. ಚಿಕ್ಕಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ಪುಟ್ಟೀ, ಹೆಬ್ಬೆರಳು ಇಟ್ಟಿದ್ದೀಯ! ಅದ್ರಲ್ಲೇ ಒಂದು ನಾಡಿ ಬಡ್ಕೊಳ್ತಿರುತ್ತೆ ಕಣೇ. ನೀನು ಎಣಿಸಿದ್ದು ನಿಂದೇ. ನನ್ ಜೀವ ಬಾಯಿಗೆ ಬಂದಿತ್ತಲ್ಲೇ!"

ಹುಡುಗಿಗೆ ನಗು ಬರಲಿಲ್ಲ. "ನೋಡಿದ್ಯಾ? ಇಲ್ಲೇ ತೊಂಬತ್ತಾರು. ಅಲ್ಲಿಗೆ ಹೋದ್ರೆ ನನ್ನ ಗತಿ? ನಾನು ಹೋಗಲ್ಲ."

"ಹೋಗ್ಬೇಡ ಬಿಡು. ಒಂದು ಹೇಳು, ಎಣಿಸೋವಾಗ ಕೈ ನಡುಗ್ತಾ?"

"ಇಲ್ಲ."

"ಲೆಕ್ಕ ತಪ್ತಾ?"

"ಇಲ್ಲ. ಅಜ್ಜಿಗೆ ಏನೋ ಆಗಿದೆ ಅಂತ... ಹೇಗೆ ತಪ್ಪಿಸ್ಲಿ?"

"ಹಾಗಾದ್ರೆ ಎದೆ ಅದರ ಪಾಡಿಗೆ ಹೊಡ್ಕೊಳ್ತಿತ್ತು, ನೀನು ನಿನ್ ಪಾಡಿಗೆ ಕೆಲ್ಸ ಮಾಡ್ತಿದ್ದೆ," ಎಂದು ಚಿಕ್ಕಮ್ಮ ಬಕೆಟ್ಟು ಎತ್ತಿಕೊಂಡಳು.

ಹುಡುಗಿ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡಳು. ಎದೆ ತಣ್ಣಗಾಗಲಿ, ಆಮೇಲೆ ಬರೆದರಾಯಿತು ಎಂದು ಅವಳು ಇಡೀ ವರ್ಷ ಕಾದಿದ್ದಳು. ಅಷ್ಟರಲ್ಲಿ ಅಜ್ಜಿ ಅವಳ ಅಂಗಿಗೆ ಮೂತಿ ಒರೆಸಿದಳು. ಭುಜದಿಂದ ತೋಳಿನವರೆಗೆ ಹಸಿರು ಜೊಲ್ಲು.

"ಥೂ ಅಜ್ಜಿ! ಇದನ್ನೇ ಹಾಕ್ಕೊಂಡು ಹೋಗ್ಬೇಕಿತ್ತಲ್ಲೇ ನಾನು!"

"ಹೋಗಲ್ಲ ಅಂದ್ಯಲ್ಲ?" ಚಿಕ್ಕಮ್ಮ ಬೆನ್ನು ತಿರುಗಿಸಿಕೊಂಡೇ ಕೇಳಿದಳು.

"ಸುಮ್ನೆ ಬೇರೆ ಅಂಗಿ ಎಲ್ಲಿದೆ ಹೇಳು."

ಹತ್ತೂವರೆಗೆ ಪ್ರಶ್ನೆಪತ್ರಿಕೆ ಮುಂದೆ ಬಂತು. ಎದೆ ಶುರುಹಚ್ಚಿಕೊಂಡಿತು. ಹುಡುಗಿ ಈ ಸಲ ಹೆಬ್ಬೆರಳು ಬಿಟ್ಟು ಮೂರು ಬೆರಳನ್ನು ಎಡ ಮಣಿಕಟ್ಟಿನ ಮೇಲಿಟ್ಟು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಮೊದಲ ಪ್ರಶ್ನೆಗೆ ಉತ್ತರ ಬರೆಯತೊಡಗಿದಳು. ನಾಡಿ ನಿಮಿಷಕ್ಕೆ ನೂರ ಹದಿನೆಂಟು ಇತ್ತು.