ಮೇಷ್ಟ್ರು ಏಳುವವರೆಗೆ

ಚಟ್ಟದ ಬಿದಿರಿಗೆ ಅಡ್ಡದಬ್ಬೆ ಸೇರಿಸಿ, ತೆಂಗಿನ ಹುರಿಯನ್ನು ಹಿಮ್ಮಡಿಯಿಂದ ಒತ್ತಿ ಬಿಗಿಯುತ್ತಿದ್ದ ಗಂಗುಲಪ್ಪ, ಯಾರೂ ಕೇಳದಿದ್ದರೂ ಐವತ್ತಾರನೇ ಇಸವಿಯ ಮಾತನ್ನು ಹೇಳುತ್ತಲೇ ಇದ್ದ.

"ಆ ವರ್ಷ ಎಸ್ಸೆಸ್ಸೆಲ್ಸೀಲಿ ನಾವು ಒಂಬತ್ತು ಜನ ಫೇಲು. ರಿಸಲ್ಟ್ ಬಂದ ದಿನವೇ ಒಬ್ಬ ಚಿಂತಾಮಣಿ ಕಡೆಯಿಂದ ಬರೋ ರೈಲಿಗೆ ತಲೆ ಕೊಟ್ಟ. ಉಳಿದ ಎಂಟು ಜನದ ಮನೆ ಬಾಗ್ಲಲ್ಲಿ ಮೇಷ್ಟ್ರು ಕೋಳಿ ಕೂಗೋ ಹೊತ್ಗೆ ಬಂದು ನಿಲ್ತಿದ್ರು. ನಲವತ್ತೆಂಟು ದಿನ. 'ಈ ಡ್ರಿಲ್ ಮೇಷ್ಟ್ರು ನಮ್ಮ ಹುಡುಗ್ರನ್ನ ಸನ್ಯಾಸಿ ಮಾಡಾಕೆ ಹೊರಟವ್ನೆ' ಅಂತ ನಮ್ಮಪ್ಪ ಒಳಗಿಂದ್ಲೇ ಬೈದ. ಮಾರನೇ ದಿನಾನೂ ಬಂದ್ರು. ಆಸನ ಹಾಕ್ಸಿದ್ರು, ಉಸಿರು ಬಿಡೋದು ಕಲಿಸಿದ್ರು. ಆಮೇಲೆ ಪಾಸಾದೋರು ಮೂರೇ ಜನ. ಬದುಕಿರೋರು ಎಂಟೂ ಜನ."

"ಗಂಟು ಸರಿಯಾಗಿ ಹಾಕಪ್ಪ. ಮಾತು ಆಮೇಲಾಗ್ಲಿ" ಎಂದರು ಚೆನ್ನಕೇಶವಯ್ಯನವರು. ಸತ್ತ ದಕ್ಷಿಣಾಮೂರ್ತಿ ಮೇಷ್ಟ್ರ ತಮ್ಮ ಅವರು. ಮಕ್ಕಳಿಲ್ಲದ ಅಣ್ಣನಿಗೆ ಬೆಂಕಿಯಿಡಬೇಕಾದವರು.

"ಹಾಕಿದೀನಿ ಸ್ವಾಮಿ. ದಿನಾ ಬೆಳಿಗ್ಗೆ ಹೆಣದಂಗೆ ಮಲಗೋದನ್ನ ಕಲಿಸಿದೋರು. ನನ್ನ ಗಂಟೇನು ಅವ್ರಿಗೆ ಒತ್ತುತ್ತಾ?"

ಯಾರೋ ನಕ್ಕು, ನಕ್ಕದ್ದಕ್ಕೆ ಬೆದರಿ, ಅಂಗವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು.

ಒಳಗೆ ಹಜಾರದಲ್ಲಿ ಗಂಡನ ತಲೆಯ ಬಳಿ ಕುಳಿತಿದ್ದ ರಾಧಮ್ಮನಿಗೆ ಆ ನಗು ಕೇಳಿಸಿತು. ಕೋಪ ಬರಲಿಲ್ಲ, ಅಳುವೂ ಬಂದಿರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ "ಕಾಫಿ ಇಳಿಸಿಟ್ಟಿರು, ಮಕ್ಕಳನ್ನ ಕಳಿಸಿ ಬಂದೆ" ಎಂದು ಹುಡುಗರಿಗೆ ಆಸನ ಹಾಕಿಸಲು ಇದೇ ಹಜಾರಕ್ಕೆ ಹೋದ ಮನುಷ್ಯ ಮಧ್ಯಾಹ್ನ ಎರಡಕ್ಕೆ ಚಟ್ಟವೇರಲಿದ್ದ. ಇವೆರಡರ ನಡುವಿನ ಹೊತ್ತು ಎಲ್ಲಿ ಹೋಯಿತೆಂದು ಆಕೆಗೆ ತಿಳಿಯುತ್ತಿರಲಿಲ್ಲ. ಕೈಕಾಲು ನೇರ ಮಾಡಲೆಂದು ಬಂದ ಹಿರಿಯರಿಗೆ ಮಾಡಲು ಕೆಲಸವೇ ಇರಲಿಲ್ಲ. ದೇಹ ಎಳೆದ ಗೆರೆಯಂತೆ ನೆಟ್ಟಗಿತ್ತು, ಅಂಗೈಗಳು ಮೇಲ್ಮುಖವಾಗಿ ತೆರೆದಿದ್ದವು. ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದಷ್ಟೇ ಅವರಿಂದಾದ ಸೇವೆ.

*

ಶಿಡ್ಲಘಟ್ಟದ ಆ ಹಜಾರದಲ್ಲಿ ಬೆಳಗಾಗುತ್ತಲೇ ಚಾಪೆಗಳು ಹಾಸಿಕೊಳ್ಳುವುದು ಏಳು ವರ್ಷಗಳ ಪದ್ಧತಿ. ಈ ಸಲ ಬರುತ್ತಿದ್ದವರು ಏಳು ಮಂದಿ. ಪರೀಕ್ಷೆಯಲ್ಲಿ ಸೋತವರು, ಕುಡುಕ ತಂದೆಯ ಏಟು ತಿಂದು ಮನೆಬಿಟ್ಟು ಬಂದವನೊಬ್ಬ, ಕುದಿಯುವ ನೀರಿನಲ್ಲಿ ಗೂಡು ಅದ್ದಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಬಿದ್ದು ಬೆರಳು ಬೆಂದ ಇಬ್ಬರು ಅಣ್ಣತಮ್ಮಂದಿರು. ಕೊನೆಯ ಚಾಪೆ ಚಿಕ್ಕವೆಂಕಟಮ್ಮನದು. ಮಂಡಿಕಲ್ಲಿನ ಕಡೆಯ ಹುಡುಗಿ. ಇಲ್ಲಿ ಸೋದರತ್ತೆ ಓಬಳಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಲೆಕ್ಕದಲ್ಲಿ ಎರಡನೆಯ ಸಲ ಫೇಲಾದಾಗ ಕೆರೆಯ ಏರಿಯ ಮೇಲೆ ಚಪ್ಪಲಿ ಬಿಟ್ಟು ನಿಂತಿದ್ದವಳನ್ನು ಮೇಷ್ಟ್ರು ನೋಡಿ, ಬುದ್ಧಿ ಹೇಳದೆ, ಪಕ್ಕದಲ್ಲಿ ಕುಳಿತು, "ನಾಲ್ಕು ಎಣಿಸಿ ಉಸಿರು ತಗೋ, ಎಂಟು ಎಣಿಸಿ ಬಿಡು. ಲೆಕ್ಕ ಅಷ್ಟು ಬಂದ್ರೆ ಸಾಕು ಕಣಮ್ಮ" ಎಂದಿದ್ದರಂತೆ. ಮಾರನೆಯ ದಿನದಿಂದ ಹುಡುಗಿ ತಪ್ಪಿಸಿದ್ದಿಲ್ಲ.

ಮೇಷ್ಟ್ರು ಯಾವುದಕ್ಕೂ ಗದರುವವರಲ್ಲ. ಒಂದೇ ಒಂದು ಕಟ್ಟಳೆಯ ವಿಷಯದಲ್ಲಿ ಮಾತ್ರ ಬಲು ನಿಷ್ಠುರ. ಕೊನೆಗೆ ಎಲ್ಲರೊಡನೆ ತಾವೂ ಶವಾಸನದಲ್ಲಿ ಮಲಗುವರು. "ಮಲಗಿದವರನ್ನ ಮುಟ್ಟಕೂಡದು, ಕರೀಕೂಡದು. ನಾನು 'ಏಳಿ' ಅನ್ನೋವರೆಗೂ ಯಾರೂ ಕಣ್ಣು ಬಿಡಕೂಡದು." ಅದೇಕೆಂದು ರಾಧಮ್ಮ ಒಮ್ಮೆ ಕೇಳಿದ್ದಳು. "ಈ ಮಕ್ಕಳನ್ನ ದಿನವೆಲ್ಲ ಯಾರಾದ್ರೂ ಕೂಗ್ತಾನೇ ಇರ್ತಾರೆ, ರಾಧಾ. ಹತ್ತು ನಿಮಿಷ ಯಾರೂ ಕೂಗದೆ ಇರ್ಲಿ" ಎಂದಿದ್ದರು.

ಆ ಬೆಳಿಗ್ಗೆ 'ಏಳಿ' ಎಂಬ ಮಾತು ಬರಲಿಲ್ಲ. ಬಿಸಿಲು ಹೊಸ್ತಿಲು ದಾಟಿತು, ಮೂರನೆಯ ಚಾಪೆಗೆ ಬಂತು. ಅಡಿಗೆಮನೆಯಲ್ಲಿದ್ದ ರಾಧಮ್ಮ, ಇವತ್ತು ಮಕ್ಕಳು ಹೆಚ್ಚು ದಣಿದಿರಬೇಕು ಎಂದುಕೊಂಡು ಕಾಫಿಯ ಮೇಲೆ ತಟ್ಟೆ ಮುಚ್ಚಿದಳು. ಬೇಳೆ ಬೆಂದಿತು. ಶನಿವಾರದ ಬೆಳಗಿನ ಸ್ಕೂಲಿನ ಮೊದಲ ಗಂಟೆ ಹೊಡೆಯಿತು. ಗಂಟೆಗೆ ಮುಂಚೆ ಶಾಲೆಯ ಗೇಟಿನಲ್ಲಿ ಇರಬೇಕಾದ ಮನುಷ್ಯ ಇನ್ನೂ ಮಲಗಿದ್ದಾರಲ್ಲ ಎಂದು ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತಳು.

ಎಂಟು ಜನ ಒಂದೇ ಸಾಲಿನಲ್ಲಿ ಮಲಗಿದ್ದರು. ಏಳು ಹೊಟ್ಟೆಗಳು ಏರಿ ಇಳಿಯುತ್ತಿದ್ದವು.

ಆಮೇಲಿನದು ಆಕೆಗೆ ತುಂಡುತುಂಡಾಗಿ ನೆನಪು. ತಾನು ಕೂಗಿದ್ದು, ಕೂಗಿದರೂ ಆ ಏಳು ಮಂದಿ ಒಂದು ಕ್ಷಣ ಕಣ್ಣು ತೆರೆಯದೆ ಮೇಷ್ಟ್ರ ಮಾತಿಗೆ ಕಾದದ್ದು. ಆಸ್ಪತ್ರೆಯ ಡಾಕ್ಟರು ಬಂದು, ನಾಡಿ ಹಿಡಿದು, ಚೀಲ ಮುಚ್ಚಿ, ಆಕೆಗಷ್ಟೇ ಕೇಳುವ ದನಿಯಲ್ಲಿ, "ಒಂದರ್ಧ ಗಂಟೆ ಮುಂಚೆ ಕರೆಸಿದ್ದಿದ್ರೆ, ತಾಯಿ…" ಎಂದು ಮಾತನ್ನು ಅಲ್ಲಿಗೇ ಬಿಟ್ಟು ಹೋದದ್ದು.

*

ಹೆಣ ಹೊಸ್ತಿಲು ದಾಟಿತು. ಗಂಡಸರ ಗದ್ದಲ ಬೀದಿಯ ತಿರುವಿನಲ್ಲಿ ಕರಗಿದ ಮೇಲೆ ಹೆಂಗಸರು ಸ್ನಾನಕ್ಕೆಂದು ಹಿತ್ತಲಿನ ಬಾವಿಗೆ ಬಂದರು. ನೆರೆಮನೆಯ ಪದ್ಮಮ್ಮ ನೀರು ಸೇದಿ ರಾಧಮ್ಮನ ತಲೆಯ ಮೇಲೆ ನಾಲ್ಕು ಕೊಡ ಸುರಿದಳು. ಒದ್ದೆ ಸೀರೆಯಲ್ಲಿ ನಡುಗುತ್ತ ನಿಂತವಳ ಹತ್ತಿರಕ್ಕೆ ಓಬಳಮ್ಮ ಬಂದು, ತಮ್ಮ ಜಾತಿಯವರ ಕೈ ತಗುಲಿ ನೀರು ಮೈಲಿಗೆಯಾದೀತೆಂದು ನಾಲ್ಕು ಮಾರು ದೂರದಲ್ಲೇ ನಿಂತಳು.

"ನಮ್ಮ ಹುಡುಗಿ ಮೇಷ್ಟ್ರ ಪಕ್ಕದ ಚಾಪೇಲೇ ಇದ್ದಿದ್ದಂತೆ, ಅಮ್ಮಾ. ಬೆಳಿಗ್ಗಿಂದ ತುಟಿ ಬಿಚ್ಚಿಲ್ಲ, ನೀರು ಮುಟ್ಟಿಲ್ಲ. ಏಂ ಪಿಲ್ಲೋ ಏಮೋ, ಎಂಥ ಹುಡುಗೀನೋ. ಲೆಕ್ಕಾನೂ ತಿಳಿಯಲ್ಲ, ಪಕ್ಕದಾಗೆ ಜೀವ ಹೋದ್ರೂ ತಿಳಿಯಲ್ಲ."

"ಎಲ್ಲಿ ಅವಳು?"

ಓಬಳಮ್ಮ ಗಲ್ಲದಿಂದ ತೋರಿಸಿದಳು. ಚಿಕ್ಕವೆಂಕಟಮ್ಮ ಬಾವಿಯ ಆಚೆ ಬದಿಯಲ್ಲಿ ಕಟ್ಟೆಗೋಡೆಗೆ ತೊಡೆಯೂರಿ ನಿಂತು ಬಾವಿಯೊಳಕ್ಕೆ ನೋಡುತ್ತಿದ್ದಳು. ಹೆಗಲು ಮಾತ್ರ ಅಲುಗುತ್ತಿತ್ತು. ಮೇಲುಸಿರು, ಒಳಗೆ ಹೋದದ್ದು ಹೊರಗೆ ಬರಲು ದಾರಿ ಕಾಣದ ಉಸಿರು. ಏಳು ವರ್ಷ ಆ ಹಜಾರದ ಬಾಗಿಲಲ್ಲಿ ನಿಂತು ನೋಡಿದ ರಾಧಮ್ಮನಿಗೆ ಅದರ ಗುರುತು ಚೆನ್ನಾಗಿತ್ತು.

ಆಕೆ ಕೊಡವನ್ನು ಬಾವಿಗೆ ಇಳಿಬಿಟ್ಟು, ಹಗ್ಗ ಹಿಡಿದು, ನೀರು ಸೇದುವವಳಂತೆ ಆ ಬದಿಗೆ ಹೋದಳು.

"ನಂಗೆ ಕೇಳಿಸ್ತು, ಅಮ್ಮಾ" ಎಂದಳು ಹುಡುಗಿ, ಕೆಳಗೆ ನೋಡುತ್ತಲೇ.

"ಏನು ಕೇಳಿಸ್ತು?"

"ಮೇಷ್ಟ್ರ ಗಂಟಲಲ್ಲಿ ಗೊರಗೊರ ಅಂತ. ಒಂದ್ಸಲ ಕೈ ನನ್ನ ಚಾಪೆಗೆ ತಗುಲ್ತು. ಕಣ್ಣು ಬಿಡಕೂಡದು ಅಂದಿದ್ರಲ್ಲ, ಬಿಡ್ಲಿಲ್ಲ. ಆಮೇಲೆ ಸದ್ದು ನಿಂತೋಯ್ತು. ಪಾಪ, ಇವತ್ತು ಅವ್ರಿಗೂ ನಿದ್ದೆ ಬಂತು ಅಂತ ನಂಗೆ ಖುಷಿಯಾಯ್ತಮ್ಮ." ಉಸಿರು ಸಿಕ್ಕಿಕೊಂಡಿತು. "ನಾನು ಕಣ್ಣು ಬಿಟ್ಟಿದ್ರೆ ಇರ್ತಿದ್ರಾ?"

ರಾಧಮ್ಮನೊಳಗಿನಿಂದ ಕೆಂಡದಂಥದೊಂದು ಮಾತು ಎದ್ದಿತು. ಹಾಳಾದವಳೇ, ಕೈ ತಗುಲಿತಲ್ಲ, ಒಂದು ಕೂಗು ಕೂಗಬಾರದಿತ್ತೇ. ನಾಲಗೆಯ ತುದಿಯವರೆಗೂ ಬಂದ ಆ ಮಾತಿಗೆ ತಾನು ಮುಚ್ಚಿಟ್ಟ ಕಾಫಿಯ ತಟ್ಟೆ ಅಡ್ಡವಾಯಿತು. ಹತ್ತು ಹೆಜ್ಜೆ ದೂರದಲ್ಲಿ ಬೇಳೆ ಬೇಯಿಸುತ್ತಿದ್ದವಳಿಗೂ ಕಣ್ಣುಗಳಿದ್ದವು. ಅವಕ್ಕೆ ಯಾರ ಕಟ್ಟಳೆಯೂ ಇರಲಿಲ್ಲ.

"ಇಲ್ಲಿ ನೋಡು" ಎಂದಳು. ಹುಡುಗಿ ತಲೆಯೆತ್ತಿದಳು.

"ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದ್ರು. ಇದು ಒಂದೇ ಏಟಿಗೆ ಹೋದ ಜೀವ. ಮಲಗಿದ್ದೇ ತಡ, ಹೋಗಿಬಿಟ್ಟಿದೆ. ನೀನು ಕೇಳಿದ ಸದ್ದು ಇದೆಯಲ್ಲ, ಅದು ಆಮೇಲೆ ಬರೋದಂತೆ, ಮೈಯಲ್ಲಿ ಉಳಿದ ಗಾಳಿ. ಕೈ ಜಾರೋದೂ ಹಾಗೇ ಅಂತೆ. ಬೆಂಗಳೂರಿನ ದೊಡ್ಡಾಸ್ಪತ್ರೆ ಈ ಹಜಾರದಲ್ಲೇ ಇದ್ದಿದ್ರೂ ಉಳೀತಿರ್ಲಿಲ್ಲ ಅಂದ್ರು."

ತನ್ನ ದನಿ ಅಷ್ಟು ನಿಶ್ಚಲವಾಗಿ ಹೊರಟದ್ದು ಕೇಳಿ ರಾಧಮ್ಮನಿಗೇ ದಿಗಿಲಾಯಿತು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆಕೆ ಗಂಡನ ವಿಷಯದಲ್ಲಿ ಆಡಿದ ಮೊದಲ ಸುಳ್ಳು ಅದು.

ಹುಡುಗಿ ಆಕೆಯ ಮುಖವನ್ನೇ ನೋಡುತ್ತಿದ್ದಳು, ಬೋರ್ಡಿನ ಮೇಲಿನ ಲೆಕ್ಕವನ್ನು ನೋಡುವಂತೆ. ಗೋಡೆಯನ್ನು ಬಿಟ್ಟ ಕೈ ಹಗ್ಗವನ್ನು ಹಿಡಿಯಿತು.

"ರಾಧಾ, ಆ ಹುಡುಗಿ ಹಗ್ಗ ಮುಟ್ತು" ಎಂದಳು ಈಚೆಯಿಂದ ಪದ್ಮಮ್ಮ.

"ಮುಟ್ಟಲಿ."

ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ಹುಡುಗಿಯ ಬಾಯಿಂದ ಉದ್ದಕ್ಕೆ, ನಡುಗುತ್ತ ಹೊರಬಿತ್ತು. ಅದು ಪೂರ್ತಿ ಮುಗಿಯುವವರೆಗೂ ರಾಧಮ್ಮ ಅಲುಗಲಿಲ್ಲ.

"ಅಮ್ಮಾ" ಎಂದಳು ಚಿಕ್ಕವೆಂಕಟಮ್ಮ. "ಡಾಕ್ಟರು ಏನಂದ್ರು, ಇನ್ನೊಂದ್ಸಲ ಹೇಳಿ."

ಅರ್ಧ ಬಾವಿಯಲ್ಲಿ ತುಂಬಿದ ಕೊಡ ತೂಗುತ್ತಿತ್ತು. ನಾಲ್ಕು ಕೈಗಳು ಅದರ ಭಾರವನ್ನು ಮೇಲಕ್ಕೆ ಎಳೆಯದೆ, ಕೆಳಕ್ಕೂ ಬಿಡದೆ ಹಿಡಿದಿದ್ದವು.