ಕ್ಯಾನಿನೊಳಗೆ ಒಂದು ಲೋಟ ನೀರು

ಆಟೋ ಗುಂಡಿಗೆ ಇಳಿದಾಗಲೆಲ್ಲ ಕ್ಯಾನಿನೊಳಗೆ ಗುಳುಕ್ ಎನ್ನುತ್ತದೆ, ಕಾವ್ಯಾ ಅದನ್ನು ಖಣದ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಾಳೆ, ಎಂಟು ತಿಂಗಳ ಹೊಟ್ಟೆಗೆ ತಾಗಿಸಿ, ಒಂದು ಕೈ ಹೊಟ್ಟೆಯ ಮೇಲೆ, ಒಂದು ಕೈ ಮುಚ್ಚಳದ ಮೇಲೆ, ಹೆತ್ತವಳ ಉಚ್ಚೆಯನ್ನು ತುಪ್ಪದ ಡಬ್ಬಿಯಂತೆ ಹಿಡಿದು ಕೂತ ಮಗಳನ್ನು ಯಾರಾದರೂ ಕಂಡಿದ್ದಾರೆಯೇ, ನಗು ಬರುತ್ತದೆ, ನಗಲಾರೆ — ಅದರಲ್ಲಿ ಒಂದು ಲೋಟ ನಳದ ನೀರಿದೆ, ಅದು ನನಗೊಬ್ಬಳಿಗೇ ಗೊತ್ತು. ಡಾಕ್ಟರಮ್ಮ ನೆಟ್ಟಗೆ ಹೇಳಿದ್ದಳು, ಮುಟ್ಟು ನಿಂತ ಮ್ಯಾಲ ಎಲುಬು ಸವೀತಾವ ಕಾಳವ್ವ, ನಿಮ್ಮ ಎಲುಬಿನ ಸುಣ್ಣ ಉಚ್ಚ್ಯಾಗ ಹೊಂಟೈತೇನು ನೋಡಬೇಕು, ಇವತ್ತ ಮುಂಜಾನಿಂದ ನಾಳಿ ಮುಂಜಾನಿ ತನಕ ಎಲ್ಲಾ ಈ ಕ್ಯಾನಿನ್ಯಾಗ ಹಿಡೀರಿ, ಒಂದ ಹನಿ ಹೊರಗ ಹೋಗಬಾರದು, ಲೆಕ್ಕ ತಪ್ಪಿದ್ರ ಗುಳಿಗಿನೂ ತಪ್ಪತೈತಿ. ಮುಟ್ಟು ನಿಂತು ಹನ್ನೊಂದು ವರ್ಷ, ಪೀಡೆ ಕಳೆಯಿತು ಎಂದು ಹಿಗ್ಗಿದ್ದೆ, ಒಳಗಿಂದೊಳಗೇ ಎಲುಬು ಕರಗಿ ಹೋಗುತ್ತಿದೆಯೆಂದು ಯಾರಿಗೆ ಗೊತ್ತಿತ್ತು, ಬಚ್ಚಲಲ್ಲಿ ಜಾರಿ ಎಡಗೈ ಊರಿದ್ದಷ್ಟೇ, ಮಣಿಕಟ್ಟು ಹಪ್ಪಳ ಮುರಿದಂತೆ ಮುರಿಯಿತು, ಈಗ ಪ್ಲಾಸ್ಟರ್ ಬಿಚ್ಚಿದ್ದಾರೆ, ಆದರೂ ತುಂಬಿದ ತಂಬಿಗೆ ಹಿಡಿದರೆ ನಡುಗುತ್ತದೆ, ಇದೇ ಮಣಿಕಟ್ಟು, ಮಮದಾಪುರದ ನಮ್ಮ ಓಣಿಯ ಕೂಸುಗಳಿಗೆಲ್ಲ ನಾನೇ ಎರೆದವಳು, ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಕಾಲ ಮೇಲೆ ಮಲಗಿಸಿ, ಬಲಗೈಯಲ್ಲಿ ಬಿಸಿನೀರು, ಎಡಗೈ ಮಣಿಕಟ್ಟಿನ ಮೇಲೆ ಅದರ ಕತ್ತು, ಇನ್ನೂ ನಿಲ್ಲದ ಮೆತ್ತನೆಯ ಕತ್ತು.

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯ ಸುರೈಯಾ ಬಂದು, ಆಯಿ, ಕೂಸಿಗೆ ಎರಿಯೂದು ತೋರಸ್ರಿ, ನನಗ ಅಂಜಿಕಿ ಬರತೈತಿ ಅಂದಳು, ಕೈ ಆಗದಿದ್ದರೇನು ಬಾಯಿ ಇದೆಯಲ್ಲ ಎಂದು ಹೋದೆ, ಮಣೆಯ ಪಕ್ಕ ಕೂತು ಹಿಂಗ ಹಿಡಿ, ಕತ್ತ ಬಿಡಬ್ಯಾಡ ಎನ್ನುತ್ತಿದ್ದೆ, ನೀರು ಬೀಳುವ ಸಪ್ಪಳ ಕೇಳಿ ಕೇಳಿ ತಡೆಯಲಾಗಲಿಲ್ಲ, ಹಸಿಗೂಸು ಅವಳ ಕಾಲ ಮೇಲಿರುವಾಗ ಬಿಟ್ಟು ಮನೆಗೆ ಓಡುವುದು ಹೇಗೆ, ಅವಳ ಮನೆಯಲ್ಲೇ ಉಚ್ಚೆಗೆ ಹೋಗಿಬಿಟ್ಟೆ, ಹೋಯಿತು, ಒಂದು ಹನಿ ಅಲ್ಲ, ಒಂದು ಲೋಟದಷ್ಟು. ಮನೆಗೆ ಬಂದು ನೋಡಿದರೆ ಕಾವ್ಯಾ ಕ್ಯಾನಿಗೆ ಹಿಡಿದ ಹೊತ್ತನ್ನೆಲ್ಲ ಗೋಡೆಯ ಮೇಲೆ ಬರೆದಿಟ್ಟಿದ್ದಾಳೆ, ಆ ಹೊಟ್ಟೆ ಹೊತ್ತು ನನಗಾಗಿ ಎಷ್ಟು ಸಲ ಏಳುವುದು ಕೂರುವುದು, ಮತ್ತೆ ಮೊದಲಿನಿಂದ ಮಾಡು ಎಂದು ಹೇಗೆ ಹೇಳಲಿ, ಸುಮ್ಮನೆ ಕ್ಯಾನಿಗೆ ಒಂದು ಲೋಟ ನೀರು ಹೊಯ್ದೆ, ಸಮ ಆಯಿತು ಎಂದುಕೊಂಡೆ. ಎಂಥ ಹುಚ್ಚಿ ನಾನು, ನೀರಲ್ಲಿ ನನ್ನ ಎಲುಬು ಎಲ್ಲಿಂದ ಬರಬೇಕು, ಸುಣ್ಣ ಕಡಿಮೆ ಕಂಡರೆ ತಪ್ಪು ಗುಳಿಗೆ, ತಪ್ಪು ಗುಳಿಗೆಯಾದರೆ ಈ ಮಣಿಕಟ್ಟು — ಇನ್ನು ಐದು ವಾರ, ಇವಳ ಕೂಸು, ನನ್ನ ಮೊದಲ ಮೊಮ್ಮಗು, ಎಣ್ಣೆಯಲ್ಲಿ ಜಾರುವ ಮೈ, ಆ ಕತ್ತು.

ಆಟೋದವನು ಸ್ಟೇಷನ್ ರಸ್ತೆಗೆ ತಿರುಗುತ್ತಿದ್ದಾನೆ, ಲ್ಯಾಬಿನ ಬೋರ್ಡು ಕಾಣುತ್ತಿದೆ, ಕಾವ್ಯಾ, ಅದರಾಗ ಒಂದ ಲೋಟ ನೀರ ಐತಿ, ಸುರೈಯಾನ ಮನ್ಯಾಗ ಒಂದ ಸಲ ಹೋಗೇನಿ ಎಂದೆ, ನನ್ನ ದನಿ ನನಗೇ ಕೇಳಿಸಲಿಲ್ಲ, ಅವಳು ನನ್ನ ಮುಖ ನೋಡಿದಳು, ಕ್ಯಾನು ನೋಡಿದಳು, ಬೈಯುತ್ತಾಳೆ ಅಂದುಕೊಂಡೆ, ನಕ್ಕಳು, ಹೊಟ್ಟೆಯೂ ಕ್ಯಾನೂ ಕೂಡಿಯೇ ಕುಣಿಯುವಂತೆ ನಕ್ಕಳು, ಅಣ್ಣಾರ, ಗಾಡಿ ಹೊಳ್ಳಸ್ರಿ, ಯವ್ವಾ, ನಾಳಿಂದ ಮತ್ತ ಹಿಡಿಯೂಣು, ನನ್ನ ಕೂಸಿಗೆ ನೀನ ಎರೀಬೇಕು, ಬ್ಯಾರೇದವ್ರ ಕೈಯಾಗ ಕೊಡಂಗಿಲ್ಲ ಎನ್ನುತ್ತ ನನ್ನ ಎಡಗೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು, ಕಣ್ಣು ತುಂಬಿ ರಸ್ತೆ ಮಂಜಾಯಿತು, ಒಳಗಿಂದ ಏನೋ ಹೊರಳಿತು, ಮುರಿದು ಕೂಡಿದ ಜಾಗಕ್ಕೇ ಬಂದು ಒತ್ತಿತು, ತಲೆಯೋ ಹಿಮ್ಮಡಿಯೋ, ನಾನು ಕೈ ಅಲುಗಿಸಲಿಲ್ಲ, ಬಿಸಿನೀರಿನ ಹಬೆ, ಚಾಚಿದ ಎರಡು ಕಾಲು, ಮಣಿಕಟ್ಟಿನ ಮೇಲೆ ಆ ಕತ್ತು, ಆ ಕತ್ತು